ದಾರದ ಅಂಗಡಿಯಲ್ಲಿ ಸಿಕ್ಕ ಅಕ್ಕನಿಗೆ

ಹೋದ ಶನಿವಾರ ಬಳ್ಳಾರಿಯ ಬೆಂಗಳೂರು ರೋಡಿನ ದಾರದ ಅಂಗಡಿಯಲ್ಲಿ ಪಕ್ಕದಲ್ಲಿ ನಿಂತಿದ್ದ ಅಕ್ಕಾ, ನಿಮ್ಮ ಹೆಸರು ಕೇಳುವುದೇ ಮರೆತೆ. ಜೀನ್ಸ್ ಹೊಲಿಯುವ ಕೆಲಸ ಅಂದಿದ್ದಿರಿ, ಅಷ್ಟೇ ನೆನಪು.

ಅಜ್ಜಿಯ ಹಳೇ ಸೀರೆಗಳ ಕೌದಿ ಮೇಲೆ ಮಷಿನ್ ಕಸೂತಿಯಲ್ಲಿ ಒಂದು ನವಿಲು ಕೂರಿಸಲು ಹೊರಟಿದ್ದೆ. ಮೇಲೆ ಚೆಂದ, ತಿರುಗಿಸಿದರೆ ದಾರವೆಲ್ಲ ಗುಬ್ಬಿಗೂಡು. ಕೆಳಗಿನ ದಾರದ ಬಾಬಿನ್ ಬದಲಿಸಿದೆ, ಸೂಜಿ ಬದಲಿಸಿದೆ, ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುವಿ ತಿರುವಿ ನನಗೇ ಟೆನ್ಷನ್ ಬಂತು. ನೀವು ಫೋಟೋ ನೋಡಿ ನಕ್ಕು, "ತಪ್ಪು ಕೆಳಗಿಲ್ಲ, ಮೇಲಿದೆ. ದಾರ ಹಾಕುವಾಗ ಕಾಲು ಎತ್ತಿರ್ತೀಯಾ?" ಅಂದಿರಿ. ನಾನು ಸುಮ್ನೆ ನನ್ನ ಕಾಲು ನೋಡಿಕೊಂಡೆ! ನೀವು ಹೇಳಿದ್ದು ಮಷಿನ್ನಿನ ಕಾಲು, ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫೂಟ್. ಅದು ಇಳಿದಿದ್ದರೆ ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಕೂರುವುದಿಲ್ಲ, ಸಡಿಲ ಬಿದ್ದದ್ದೆಲ್ಲ ಕೆಳಗೆ ಹೋಗಿ ಸಿಕ್ಕಾಗುತ್ತದೆ ಅಂತ ಕೈಯಲ್ಲಿದ್ದ ಎರಡು ನಾಣ್ಯಗಳ ಮಧ್ಯೆ ದಾರ ಒತ್ತಿ ತೋರಿಸಿದಿರಿ. ಜೀನ್ಸ್ ತುಂಡು ಸೇರಿಸುವುದಾದರೆ 16 ನಂಬರ್ ಸೂಜಿ ಹಾಕು ಅಂತಲೂ ಹೇಳಿದಿರಿ.

ಮನೆಗೆ ಬಂದು ಕಾಲೆತ್ತಿ ದಾರ ಹಾಕಿದೆ. ನವಿಲು ಬಂತು, ಕೊಕ್ಕು ಸ್ವಲ್ಪ ಜಾಸ್ತಿ ಉದ್ದ, ಇರಲಿ. ಈಗ ಓಣಿಯ ಇಬ್ಬರು ಹುಡುಗಿಯರಿಗೂ ಅದೇ ನಾಣ್ಯದ ಪಾಠ ನಡೀತಿದೆ.

ಥ್ಯಾಂಕ್ಸ್ ಅಕ್ಕಾ. ಆ ನೀಲಿ ರೀಲಿನ ದುಡ್ಡೂ ನೀವೇ ಕೊಟ್ಟು ಹೋದಿರಂತೆ, ಅಂಗಡಿಯವರು ಆಮೇಲೆ ಹೇಳಿದರು.