ಗೆಳೆಯಾ, ಹುಡುಗ ಒದರೂ ಹೊತ್ತಿನಾಗ ಬುದ್ಧಿ ಹೇಳಬ್ಯಾಡ

ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಎರಡ ಸಲ ಕೇಳಿದೆ. ಮದುವಿ ಹಾಲ್‌ನ್ಯಾಗ ಜಾಂಜ್ ಶುರು ಆದ ಕೂಡ್ಲೇ ಮಗ ಕಿವಿ ಮುಚ್ಚಕೊಂಡು ನೆಲಕ್ಕ ಬಿದ್ದು ಒದರಿದ್ದು, ಬೀಗರ ಮಂದಿ "ಭಾಳ ಹಟಾ ಐತಿ, ಎರಡ ಕೊಡ್ರಿ" ಅಂದದ್ದು, ಕೇಳಿ ಸಂಕಟ ಆತು. ಅದು ಹಟ ಅಲ್ಲೋ ಮಾರಾಯಾ. ಹಟ ಆದ್ರ ಬೇಕಾದ್ದು ಸಿಕ್ಕರ ನಿಂದರತೈತಿ, ಇದು ನಿಂದರೂದಿಲ್ಲ, ಯಾಕಂದ್ರ ನಿನ್ನ ಮಗನಂಗ ಆಟಿಸಂ (ಹುಟ್ಟಿನಿಂದನ ಮಿದುಳು ಬ್ಯಾರೆ ನಮೂನಿ ಕೆಲಸ ಮಾಡೂದು) ಇದ್ದ ಹುಡುಗ್ರಿಗೆ ಸಪ್ಪಳ, ಲೈಟು, ಮಂದಿ ಎಲ್ಲಾ ಒಮ್ಮೆಲೇ ಮೈಮ್ಯಾಲೆ ಬಂದಂಗಾಗಿ ತಡಕೊಳ್ಳೋ ತಾಕತ್ತ ಮುಗದಿರತೈತಿ, ಇದಕ್ಕ ಮೆಲ್ಟ್‌ಡೌನ್ ಅಂತಾರ. ಆವಾಗ ನೀ ಎಷ್ಟ ಚಂದ ತಿಳಿಸಿ ಹೇಳಿದ್ರೂ ಅವಂಗ ಅದು ಇನ್ನೊಂದ ಸಪ್ಪಳ ಅಷ್ಟ. ಹೊರಗ ಕರಕೊಂಡ ಹೋಗು, ಬಾಜೂಕ ಸುಮ್ನ ಕೂಡು, ನಿನ್ನ ಉಸಿರು ಮೊದಲ ಸಾವಕಾಶ ಆಗಲಿ. ದೊಡ್ಡವರು ತಣ್ಣಗಾದ್ರನ ಹುಡುಗ್ರು ತಣ್ಣಗಾಗ್ತಾರ. ಕೈ ಬಡಿಯೂದು, ತೂಗಾಡೂದು ಮಾಡಿದ್ರ ತಡೀಬ್ಯಾಡ, ಅದು ಅವನ ಸಮಾಧಾನದ ದಾರಿ.

ದೊಡ್ಡವರಾದ ಮ್ಯಾಲೂ ಇದು ಇರತೈತಿ. ನನ್ನ ತಮ್ಮಗ ಆಟಿಸಂ ಜೋಡಿ ಎಡಿಎಚ್‌ಡಿನೂ (ಲಕ್ಷ್ಯ ಒಂದ ಕಡೆ ನಿಂದರದ ತ್ರಾಸು) ಐತಿ, ಹುಬ್ಬಳ್ಯಾಗ ಅಂಗಡಿ ಲೆಕ್ಕಾ ಬರೀತಾನ. ಸಂಜಿಕೆ ಸಿಟ್ಟಲೇ ಬಂದಾಗ "ಯಾಕ, ಏನಾತು" ಅಂದ್ರ "ಗೊತ್ತಿಲ್ಲ" ಅಂತಾನ, ಖರೇನ ಗೊತ್ತಿರೂದಿಲ್ಲ ಅವಂಗ. ಅದಕ್ಕ ನಮ್ಮವ್ವ ಮನಸಿನ ಮಾತ ಕೇಳೂದಿಲ್ಲ, ಮೈಯಿದ ಕೇಳ್ತಾಳ: ಉಂಡಿಯೇನ? ನೀರ ಕುಡದಿಯೇನ? ಎದಿ ಬಡಕೋಳಾಕತ್ತೈತೇನ? ಎಷ್ಟೋ ಸಲ ಮುಂಜಾನಿಂದ ಉಂಡಿರೂದಿಲ್ಲ, ಹಸಿವು ನೀರಡಿಕಿ ಇಂಥವರಾಗ ಭಾಳ ಮಂದಿಗೆ ತಡಾ ಮಾಡಿ ತಿಳೀತೈತಿ. ಆಮ್ಯಾಲೆ ಫ್ಯಾನ್ ಹಚ್ಚಿ, ಲೈಟ್ ಆರಿಸಿ, ಅವ್ವ ಹೊಲಿದ ದಪ್ಪ ಕೌದಿ ಹೊಚಗೊಂಡು ಮಲಗ್ತಾನ. ಆ ಭಾರ ಅವಂಗ ಭಾಳ ಹಿತ. ನಿನ್ನ ಮಗಗ ಸೇರಬೇಕಂತೇನಿಲ್ಲ, ಅವ ತಾನ ತಗದ ಹಾಕೂವಷ್ಟು ಹಗುರ ಇರಲಿ, ಒತ್ತಾಯ ಬ್ಯಾಡ.

ಸಾಲ್ಯಾಗ ಮಾತಾಡು. ಗದ್ದಲ ಆದಾಗ ಹೋಗಿ ಕೂಡಾಕ ಒಂದ ಶಾಂತ ಮೂಲಿ ಕೊಡ್ರಿ ಅನ್ನು, ಅಂಜಬ್ಯಾಡ, 2016ರ ವಿಕಲಚೇತನರ ಹಕ್ಕಿನ ಕಾಯ್ದೆದಾಗ ಆಟಿಸಂ ಐತಿ, ಇಂಥಾ ಅನುಕೂಲ ಕೇಳೂದು ಅವನ ಹಕ್ಕು. ಇನ್ನ ನಿನಗ ರಾತ್ರಿ ನಿದ್ದಿ ಬರವಲ್ದು ಅಂದಿಯಲ್ಲ, ಸರ್ಕಾರದ ಮನಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚು, ರೊಕ್ಕಾ ಇಲ್ಲ, ಕನ್ನಡದಾಗ ಮಾತಾಡಬಹುದು.

ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಯಾವತ್ತ ಹೊಂಟಿ ಹೇಳು, ನಾನೂ ರಜಾ ಹಾಕಿ ಬರ್ತೀನಿ. ಹುಡುಗನ ಕಿವಿಗೆ ಹಾಕೋ ಹೆಡ್‌ಫೋನ್ ಮರೀಬ್ಯಾಡ, ಅಲ್ಲಿ ಪಾಳೇದಾಗ ಮಂದಿ ಭಾಳ ಇರ್ತಾರ.

ನಿನ್ನ ಗೆಳೆಯ