ಸಮ್ಮತಿ ಪತ್ರ ಕನ್ನಡದಲ್ಲಿರಲಿ

ಮಾನ್ಯರೇ,

ಕಾಲೇಜು ವಿದ್ಯಾರ್ಥಿಗಳು ಪ್ರಾಜೆಕ್ಟ್ ಸಲ್ಲಿಸುವ ಕಾಲ ಬಂತೆಂದರೆ ಬೆಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಮೀಕ್ಷೆಯ ಗೂಗಲ್ ಫಾರ್ಮ್‌ಗಳ ಸುರಿಮಳೆ. ಗೆಳೆಯರೇ ತುಂಬಿದ ಫಾರ್ಮ್‌ನಿಂದ ಸಿಗುವುದು ಗೆಳೆಯರ ಅಭಿಪ್ರಾಯ, ಊರಿನದಲ್ಲ. ಶೇ 95ರ ವಿಶ್ವಾಸ ಮಟ್ಟ (ಫಲಿತಾಂಶವನ್ನು ಎಷ್ಟು ನಂಬಬಹುದೆಂಬ ಅಳತೆ), ಶೇ 5ರ ದೋಷಮಿತಿಗೆ (ಉತ್ತರ ಆಚೀಚೆ ಆಗಬಹುದಾದ ಅಂತರ) 385 ಮಂದಿ ಸಾಕೆಂಬ ಲೆಕ್ಕವೂ ಯಾದೃಚ್ಛಿಕ ಆಯ್ಕೆಗೆ, ಅಂದರೆ ಚೀಟಿ ಎತ್ತಿದಂತೆ ಜನರನ್ನು ಆರಿಸಿದಾಗ, ಮಾತ್ರ ಅನ್ವಯ.

ಹೆಚ್ಚು ಕಳವಳದ ಸಂಗತಿ ಉತ್ತರ ಕೊಡುವವರ ಒಪ್ಪಿಗೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಆರೋಗ್ಯ ಸಂಶೋಧನೆಗೆ ಎಥಿಕ್ಸ್ ಕಮಿಟಿಯ (ನೈತಿಕತೆ ಪರಿಶೀಲಿಸುವ ಸಮಿತಿ) ಪರಿಶೀಲನೆ ಮೊದಲೇ ಆಗಬೇಕು. ಪೀಣ್ಯದ ಗಾರ್ಮೆಂಟ್ಸ್ ಕೆಲಸಗಾರ್ತಿಗೆ ಇಂಗ್ಲಿಷ್ ಫಾರ್ಮ್ ಕೊಟ್ಟು ಸಹಿ ಹಾಕಿಸಿದರೆ ಅದು ಒಪ್ಪಿಗೆಯೇ ಅಲ್ಲ. ಏಕೆ ಕೇಳುತ್ತಿದ್ದೇವೆ, ಎಷ್ಟು ಹೊತ್ತು ಬೇಕು, ಉತ್ತರ ಯಾರು ನೋಡುತ್ತಾರೆ, ನಡುವೆ ಬಿಟ್ಟು ಹೋಗಬಹುದೇ ಎಂಬುದೆಲ್ಲ ಆಕೆಗೆ ತಿಳಿಯುವ ಮಾತಿನಲ್ಲಿರಬೇಕು. ಓದಲು ಬಾರದವರಿಗೆ ಓದಿ ಹೇಳಿ, ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸಬೇಕು. ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದರೆ ಆಕೆ ‘ಬೇಡ’ ಎನ್ನುವುದಾದರೂ ಹೇಗೆ? ಹೆಸರು, ಫೋನ್ ನಂಬರಿನ ಪಟ್ಟಿ ಬೇರೆ ಫೈಲಿನಲ್ಲಿರಲಿ. ಉತ್ತರಗಳ ಶೀಟ್‌ನಲ್ಲಿ ಸಂಕೇತ ಸಂಖ್ಯೆ ಮಾತ್ರ ಸಾಕು.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಓದಿದ ಸಂಶೋಧನಾ ಪ್ರಬಂಧಗಳನ್ನು ಮೊದಲ ದಿನದಿಂದಲೇ ಆಕರಗಳ ಪಟ್ಟಿ ಇಡುವ ಜೊಟೆರೊದಂಥ ಉಚಿತ ತಂತ್ರಾಂಶಕ್ಕೆ ಸೇರಿಸಿ, ಯಾರ ಮೇಲೆ ಅಧ್ಯಯನ, ಎಷ್ಟು ಮಂದಿ, ಯಾವ ಪ್ರಶ್ನಾವಳಿ, ಮಿತಿ ಏನು ಎಂದು ಅಲ್ಲೇ ಟಿಪ್ಪಣಿ ಬರೆದಿಡಬೇಕು. ತಂತ್ರಾಂಶ ತಾನಾಗಿ ಎಳೆದುಕೊಂಡ ಲೇಖಕರ ಹೆಸರು, ವರ್ಷ ತಪ್ಪಿರುವುದುಂಟು. ಆಗಲೇ ತಿದ್ದುವುದು ಲೇಸು.

ಪ್ರಶ್ನಾವಳಿ ಹಿಡಿದು ಹೊರಡುವ ಮುನ್ನ ಕಮಿಟಿಯ ಪತ್ರ ಮತ್ತು ಕನ್ನಡದ ಸಮ್ಮತಿ ಪತ್ರ ಎರಡನ್ನೂ ಕಾಲೇಜುಗಳು ಕಡ್ಡಾಯವಾಗಿ ಕೇಳಲಿ.

– ಸಂಶೋಧನಾ ಮಾರ್ಗದರ್ಶಕರು, ಬೆಂಗಳೂರು