ಹಂಬಲ್ ಅಲ್ಲ, ಹಂಬಲ

ಬೀದರ್

ಮಗಳೇ,

ಆರಾಮಿದ್ದೀಯಾ? ನಿನಗೆ ಆಫೀಸಿನಲ್ಲಿ ಪ್ರಶಸ್ತಿ ಬಂದ ಫೋಟೋ ವೈನಿ ಕಳಿಸಿದರು. ಓಣಿಗೆಲ್ಲ ತೋರಿಸಿ ಬಂದೆ. ಆದರೆ ಅದರ ಕೆಳಗೆ ನೀನು ಬರೆದದ್ದು ಓದಿ ಸ್ವಲ್ಪ ಕಸಿವಿಸಿ ಆಯ್ತು. ‘ಹಂಬಲ್ ಆಗಿದ್ದೇನೆ, ಇದರಲ್ಲಿ ನಂದೇನೂ ಇಲ್ಲ’ ಅಂತ. ನಿಂದೇನೂ ಇಲ್ಲ ಅಂದ್ರೆ 3 ತಿಂಗಳು ನಡುರಾತ್ರಿವರೆಗೆ ಲ್ಯಾಪ್‌ಟಾಪ್ ಮುಂದೆ ಕೂತವರು ಯಾರು, ಪಂಚಮಿಗೂ ಊರಿಗೆ ಬರದೆ ಉಳಿದವರು ಯಾರು?

‘ಹಂಬಲ್’ ಅನ್ನೋ ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನ ‘ಹ್ಯೂಮಸ್’, ಅಂದರೆ ಮಣ್ಣು. ನೆಲಕ್ಕಿಳಿದೆ ಅಂತ ಅರ್ಥ. ವೇದಿಕೆ ಹತ್ತಿ ಹಾರ ಹಾಕಿಸಿಕೊಂಡು ನೆಲಕ್ಕಿಳಿದೆ ಅಂದರೆ ಹೇಗೆ? ಬೈಸಿಕೊಂಡ ದಿನ ಹೇಳಿದ್ದರೆ ಒಪ್ಪುತ್ತಿದ್ದೆ. ನಾವು ಬಿದ್ರಿ ಕೆಲಸಕ್ಕೆ, ಅಂದರೆ ಲೋಹದ ಮೇಲೆ ಬೆಳ್ಳಿ ಕೂರಿಸುವ ಕಸುಬಿಗೆ, ಕೋಟೆ ಮಣ್ಣನ್ನು ನಾಲಿಗೆಗೆ ಇಟ್ಟು ನೋಡಿ ಆರಿಸುವವರು. ಆ ಮಣ್ಣಿಗೆ ನವಸಾಗರ ಅನ್ನೋ ಉಪ್ಪು ಹಾಕಿ ಕುದಿಸಿದ ನೀರಲ್ಲಿ ಅದ್ದಿದರೆ ಸತು-ತಾಮ್ರದ ಲೋಹ ಕಪ್ಪಾಗುತ್ತದೆ. ಬೆಳ್ಳಿ ಕಪ್ಪಾಗಲ್ಲ, ತಾನು ಬೆಳ್ಳಿಯೇ ಅಲ್ಲ ಅಂತ ನಾಟಕನೂ ಆಡಲ್ಲ.

ಆಡಿದವನು ನಾನು. ಹೂದಾನಿ ಕೊಳ್ಳಲು ಬಂದವರೊಬ್ಬರು ‘ಎಷ್ಟು ಚಂದ ಮಾಡೀರಿ’ ಅಂದರು. ‘ಅಯ್ಯೋ, ಅದೇನ್ ಮಹಾ, ಸುಮ್ನೆ ಮಾಡಿದ್ದು’ ಅಂದೆ. ಅವರು ‘ಛೇ ಛೇ, ನಿಮ್ಮಂಥವರು ಎಲ್ಲಿದ್ದಾರೆ’ ಅನ್ನಲಿ ಅಂತ ಒಳಗೊಳಗೇ ಆಸೆ. ಅದು ಹಂಬಲ್ ಅಲ್ಲ ಮಗಳೇ, ಅಚ್ಚ ಕನ್ನಡದ ಹಂಬಲ! ಅವರು ನನ್ನ ಮಾತು ನಂಬಿ ಅರ್ಧ ರೇಟು ಕೇಳಿದರು. 15 ದಿನದ ಕೆಲಸ. ಪಕ್ಕದಲ್ಲಿ ಕೂತು ಅದಕ್ಕೆ ಬೆಳ್ಳಿ ತಂತಿ ಕೂರಿಸಿದ್ದ ಹುಡುಗ ತಲೆ ಎತ್ತಿ ನನ್ನ ಮುಖ ನೋಡಿದ. ನಂದೇನಿಲ್ಲ ಅನ್ನೋಕೆ ಹೋಗಿ ಅವನದನ್ನೂ ಇಲ್ಲ ಮಾಡಿಬಿಟ್ಟಿದ್ದೆ.

‘ಎನಗಿಂತ ಕಿರಿಯರಿಲ್ಲ’ ಅಂತ ಬಸವಣ್ಣ ಹೇಳಿಲ್ವಾ ಕಾಕಾ, ಅಂತೀಯ. ಹೇಳಿದ್ದಾರೆ. ಇಲ್ಲೇ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರು ಅವರು, ಲೆಕ್ಕ ನನಗೆ ಬರಲ್ಲ ಅಂತ ಕೂತವರಲ್ಲ. ಅದರ ಮುಂದೆಯೇ ‘ಶಿವಭಕ್ತರಿಗಿಂತ ಹಿರಿಯರಿಲ್ಲ’ ಅಂತಲೂ ಇದೆ. ಶಾಲು ಹೊದಿಸಿಕೊಳ್ಳುವವರು ಅದನ್ನು ಮಾತ್ರ ನುಂಗಿಬಿಡುತ್ತಾರೆ. ನೀನೂ ನುಂಗಿದ್ದೀಯ ನೋಡು, ನಿನ್ನ ಜೊತೆ ದುಡಿದವರ ಹೆಸರು ಒಂದೂ ಇಲ್ಲ. ಖುಷಿ ಆಯ್ತು ಅಂತ ಬರೆದು ಅವರ ಹೆಸರು ಹಾಕು.

ಎಳ್ಳಮಾವಾಸ್ಯೆಗೆ ರಜೆ ಹಾಕಿ ಬಾ, ಹೊಲಕ್ಕೆ ಹೋಗೋಣ. ಕಾಕು ಮಾಡಿದ ಭಜ್ಜಿ ಚಲೋ ಆಗಿದೆ ಅಂದರೆ ಅವಳು ‘ಗೊತ್ತು, ಇನ್ನೊಂದಿಷ್ಟು ಹಾಕ್ಕೋ’ ಅಂತಾಳೆ.

ನಿನ್ನ ಕಾಕಾ